ಕತ್ತಿಯ ವೇಗ ಯಾರ ಗಡಿಯಾರದಲ್ಲಿ?

ಹಲವರು ಕೂಡಿ ಆಡುವ ವಿಡಿಯೋ ಗೇಮ್‌ಗಳಲ್ಲಿ ಕತ್ತಿ ಕಾಳಗವನ್ನು ಹದಕ್ಕೆ ತರುವ ಮಾತು ಬಂದಾಗಲೆಲ್ಲ ಈಗ ಮೊದಲು ಮೇಜಿಗೆ ಬರುವುದು ಒಂದು ಕೋಷ್ಟಕ. ಒಂದು ಹೊಡೆತಕ್ಕೆ ಎಷ್ಟು ಹಾನಿ, ಸೆಕೆಂಡಿಗೆ ಎಷ್ಟು ಹೊಡೆತ, ಎರಡನ್ನೂ ಗುಣಿಸಿದರೆ ಆಯುಧದ ಯೋಗ್ಯತೆ. ಚಾಕು ಮೇಲುಗೈ ಸಾಧಿಸುತ್ತಿದೆಯೇ, ವೇಗ ತಗ್ಗಿಸಿ. ಕೊಡಲಿ ಮೂಲೆ ಸೇರಿದೆಯೇ, ಹಾನಿ ಏರಿಸಿ. ಅಲುಗಾಡದ ಗೊಂಬೆಯನ್ನು ಹೊಡೆಯುವಾಗ ಈ ಲೆಕ್ಕ ಸರಿ. ಎದುರಿಗೆ ಮನುಷ್ಯ ನಿಂತಿರುವಾಗ ಮುಖ್ಯವಾದುದೇ ಅದರಲ್ಲಿ ಬಿಟ್ಟುಹೋಗುತ್ತದೆ. ಆಯುಧದ ವೇಗವೆಂದರೆ ಎದುರಾಳಿಗೆ ಗ್ರಹಿಸಲು ನಾವು ಕೊಡುವ ಸಮಯ. ಈ ಕ್ಷೇತ್ರದ ಕಾಲು ಶತಮಾನವೆಲ್ಲ ಆ ಸಮಯವನ್ನು ಯಾರ ಕಡೆಯಿಂದ ಅಳೆಯಬೇಕು ಎಂಬ ಜಗಳದಲ್ಲೇ ಕಳೆದಿದೆ. ಇದನ್ನು ಮರೆತು 2017ರ ಫಾರ್ ಆನರ್ ಆಟದಿಂದಲೇ ಚರಿತ್ರೆ ಶುರು ಮಾಡುವವರು ಹೆಚ್ಚುತ್ತಿರುವುದರಿಂದ ಈ ಸಮೀಕ್ಷೆ.

ಮೊದಲ ಹಂತವನ್ನು ಬೇಗ ದಾಟಬಹುದು. ಇಬ್ಬರೇ ಕಾದಾಡುವ ಆರ್ಕೇಡ್ ಆಟಗಳು, ಅದರಲ್ಲೂ 1991ರ ಸ್ಟ್ರೀಟ್ ಫೈಟರ್ 2, ಒಂದು ಹೊಡೆತವನ್ನು ಏಳುವ, ತಗಲುವ, ಚೇತರಿಸಿಕೊಳ್ಳುವ ಮೂರು ಭಾಗಗಳಾಗಿ ಒಡೆದು ಫ್ರೇಮ್ ಲೆಕ್ಕದಲ್ಲಿ ಎಣಿಸುವ ಶಿಸ್ತನ್ನು ಆಟಗಾರರಿಗೆ ಕಲಿಸಿದವು. 2000ದಲ್ಲಿ ಕತ್ತಿ, ಕೊಡಲಿಗಳ ಕಾಳಗದ ಆಟ ರೂನ್ ಬಂತು. 2002ರಲ್ಲಿ ರೇವನ್ ಸಾಫ್ಟ್‌ವೇರ್‌ನ ಜೇಡೈ ಔಟ್‌ಕಾಸ್ಟ್ ಒಂದೇ ಬೆಳಕಿನ ಕತ್ತಿಗೆ ಚುರುಕು, ಮಧ್ಯಮ, ಬಲಿಷ್ಠ ಎಂಬ ಮೂರು ವರಸೆ ಕೊಟ್ಟು, ವೇಗವನ್ನು ಆಟಗಾರನೇ ಆರಿಸಿಕೊಳ್ಳುವಂತೆ ಮಾಡಿತು. ಇವುಗಳ ನಡುವೆ, 2001ರಲ್ಲಿ, ವಾಲ್ವ್ ಕಂಪನಿಯ ಯಾನ್ ಬರ್ನಿಯರ್ ಹಾಫ್-ಲೈಫ್ ಎಂಬ ಗುಂಡಿನ ಆಟದಲ್ಲಿ ಜಾಲದ ವಿಳಂಬಕ್ಕೆ ಪರಿಹಾರ ಕೊಡುವ ತಂತ್ರವನ್ನು ವಿವರಿಸಿದರು. ಗುಂಡು ಹಾರಿಸಿದವನ ಪರದೆಯಲ್ಲಿ ಕಂಡದ್ದಕ್ಕೆ ಹೊಂದುವಂತೆ ಸರ್ವರ್ ಎದುರಾಳಿಯನ್ನು ಆ ಗಳಿಗೆಗೆ ಹಿಂದಕ್ಕೆ ಒಯ್ದು ತೀರ್ಪು ಕೊಡುತ್ತದೆ. ಗುಂಡಿಗೆ ಇದು ಒಪ್ಪುತ್ತದೆ. ಕತ್ತಿ ಹಾಗಲ್ಲ. ಅದು ಬೀಸಿ ಬರುವಷ್ಟರಲ್ಲಿ ಎದುರಾಳಿ ಅದನ್ನು ಕಂಡು, ತನ್ನ ಪರದೆಯಲ್ಲಿ ತಡೆದೂ ಆಗಿರುತ್ತದೆ. ಹೊಡೆದವನನ್ನು ನಂಬಿದರೆ ತಡೆದವನಿಗೆ ಅನ್ಯಾಯ, ತಡೆದವನನ್ನು ನಂಬಿದರೆ ಹೊಡೆದವನಿಗೆ. ಈ ತೊಡಕು ಇಂದಿಗೂ ಬಗೆಹರಿದಿಲ್ಲ.

ನಮ್ಮ ಪೀಳಿಗೆ ಕಣ್ಣು ಬಿಟ್ಟದ್ದು ಅಂಕಾರಾದ ಟೇಲ್‌ವರ್ಲ್ಡ್ಸ್ ತಂಡದ ಆಟಗಳಲ್ಲಿ. ಅರ್ಮಾಗಾನ್ ಯಾವುಜ್ ಮತ್ತು ಇಪೆಕ್ ಯಾವುಜ್ ದಂಪತಿ ಕಟ್ಟಿದ ಮೌಂಟ್ ಅಂಡ್ ಬ್ಲೇಡ್ 2008ರಲ್ಲಿ ಹೊರಬಂತು. ಹಲವರು ಕೂಡಿ ಆಡಬಹುದಾದ ವಾರ್‌ಬ್ಯಾಂಡ್ ಬಂದದ್ದು 2010ರಲ್ಲಿ. ಅದರ ವ್ಯವಸ್ಥೆ ನೋಡಲು ಸರಳ. ಎಡ, ಬಲ, ಮೇಲೆ, ಚುಚ್ಚು ಎಂದು ನಾಲ್ಕು ದಿಕ್ಕಿನ ಹೊಡೆತ. ಗುರಾಣಿ ಇಲ್ಲದವನು ಹೊಡೆತ ಬರುವ ದಿಕ್ಕಿಗೇ ತನ್ನ ಆಯುಧ ಒಡ್ಡಬೇಕು. ಹೊಡೆಯುವವನು ಕತ್ತಿಯನ್ನು ಎತ್ತಿ ಹಿಡಿದು ಕಾಯಬಹುದು. ಕಾಯುವಷ್ಟು ಹೊತ್ತೂ ಅವನ ಉದ್ದೇಶ ಎದುರಾಳಿಗೆ ಕಾಣುತ್ತಿರುತ್ತದೆ. ಬಿಟ್ಟ ಮೇಲೆ ಹೊಡೆತ ಮಿಂಚಿನಂತೆ ಬರುತ್ತದೆ. ಆಯ್ಕೆಗಳು ಹೆಚ್ಚಿದಷ್ಟೂ ಮನುಷ್ಯನ ಪ್ರತಿಕ್ರಿಯೆ ನಿಧಾನವಾಗುತ್ತದೆ ಎಂದು ಬ್ರಿಟಿಷ್ ಮನೋವಿಜ್ಞಾನಿ ವಿಲಿಯಂ ಹಿಕ್ 1952ರಲ್ಲೇ ತೋರಿಸಿದ್ದರು. ವಾರ್‌ಬ್ಯಾಂಡ್‌ನ ನಾಲ್ಕು ದಿಕ್ಕುಗಳು ಮಾಡಿದ್ದು ಅದನ್ನೇ: ಆಯುಧವನ್ನು ಮುಟ್ಟದೆ ಎದುರಾಳಿಯ ನಿರ್ಧಾರವನ್ನು ಉದ್ದಗೊಳಿಸಿದವು.

ಅದಕ್ಕಿಂತ ದೊಡ್ಡ ಕಾಣಿಕೆ ಕಾಲಿನ ಕೆಲಸಕ್ಕೆ ಕೊಟ್ಟ ಬೆಲೆ. ಎದುರಾಳಿಯತ್ತ ನುಗ್ಗುತ್ತ ಬೀಸಿದರೆ ಹಾನಿ ಹೆಚ್ಚು, ಹಿಂದೆ ಸರಿಯುತ್ತ ಬೀಸಿದರೆ ಕಡಿಮೆ. ಹೀಗಾಗಿ ಕೋಷ್ಟಕದಲ್ಲಿ ನಿಧಾನವೆಂದು ಬರೆದ ಭಾರದ ಆಯುಧವೂ ದೂರ ತಿಳಿದವನ ಕೈಯಲ್ಲಿ ಸಕಾಲಕ್ಕೆ ತಲುಪುತ್ತಿತ್ತು. ವೇಗದ ಹದವನ್ನು ಅಂಕಿಯಿಂದ ಬಿಡಿಸಿ ನೆಲಕ್ಕೆ ಇಳಿಸಿದ ಆಟ ಇದು. ಇದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಎರಡನೆಯ ಧಾರೆ ಟೊರಾಂಟೊದ್ದು. ಹಾಫ್-ಲೈಫ್ 2ರ ಮೇಲೆ ಹವ್ಯಾಸಿಗಳು ಕಟ್ಟಿದ ಏಜ್ ಆಫ್ ಶಿವಲ್ರಿ 2007ರಲ್ಲಿ ಬಂತು. ಅದೇ ಬಳಗ ಟಾರ್ನ್ ಬ್ಯಾನರ್ ಹೆಸರಿನಲ್ಲಿ 2012ರಲ್ಲಿ ಶಿವಲ್ರಿ: ಮಿಡೀವಲ್ ವಾರ್‌ಫೇರ್ ತಂದಿತು. ಇಲ್ಲಿ ಕತ್ತಿಯನ್ನು ಎತ್ತಿ ಹಿಡಿದು ಕಾಯುವಂತಿಲ್ಲ. ಗುಂಡಿ ಒತ್ತಿದೊಡನೆ ಕತ್ತಿ ಏಳುವ ವಿಂಡಪ್, ಆಮೇಲೆ ತಗಲುವ ರಿಲೀಸ್, ಕೊನೆಗೆ ಚೇತರಿಸಿಕೊಳ್ಳುವ ರಿಕವರಿ. ತಡೆಯುವವನ ಪ್ಯಾರಿಗೂ ಸಣ್ಣದೊಂದು ಕಿಟಕಿಯಷ್ಟೇ ಕಾಲ. ವಿನ್ಯಾಸಕರು ಪ್ರತಿ ಆಯುಧಕ್ಕೂ ಸಮಯ ನಿಗದಿ ಮಾಡಿದ್ದರು. ಆದರೆ ಅಲಗು ಆಟಗಾರನ ನೋಟದೊಂದಿಗೇ ತಿರುಗುತ್ತಿದ್ದುದರಿಂದ, ಬೀಸಿದ ಕಡೆಗೇ ಮೈ ತಿರುಗಿಸಿದರೆ ಹೊಡೆತ ಮುಂಚೆ ತಗಲುತ್ತಿತ್ತು, ಎದುರು ದಿಕ್ಕಿಗೆ ಎಳೆದರೆ ತಡವಾಗಿ. ಡ್ರ್ಯಾಗ್ ಎಂದು ಹೆಸರಾದ ಈ ವಿದ್ಯೆ, ಬೆನ್ನು ತಿರುಗಿಸಿ ಹೊಡೆಯುವ ರಿವರ್ಸ್ ಓವರ್‌ಹೆಡ್ ಜೊತೆ ಸೇರಿ, ಹೊಸಬರನ್ನು ಕಂಗೆಡಿಸಿತು. ಒಂದೇ ಆಯುಧ, ಒಂದೇ ಅಂಕಿ, ಆದರೆ ತಲುಪುವ ಗಳಿಗೆ ಆಟಗಾರನ ಮಣಿಕಟ್ಟಿನಲ್ಲಿ. ಇದನ್ನು ದೋಷವೆಂದು ಬಗೆದವರು ಬಹಳ. ಒಂದು ಹೊಡೆತಕ್ಕೆ ಒಂದೇ ವೇಗವಿರುತ್ತದೆ ಎಂಬ ನಂಬಿಕೆಯನ್ನು ಇಷ್ಟು ಸ್ಪಷ್ಟವಾಗಿ ಮುರಿದ ಆಟ ಮತ್ತೊಂದಿಲ್ಲ ಎಂಬುದು ನನ್ನ ಎಣಿಕೆ.

2016ರ ಫೆಬ್ರವರಿ 29ರಂದು ಬಂದ ಮೈನ್‌ಕ್ರಾಫ್ಟ್ 1.9ನ್ನು ಈ ಚರ್ಚೆಯಲ್ಲಿ ಮಕ್ಕಳಾಟವೆಂದು ಬಿಡುತ್ತಾರೆ. ಬಿಡಬಾರದು. ಅದರ ಹಿಂದಿನ ಆವೃತ್ತಿಗಳಲ್ಲಿ ಎಷ್ಟು ಬೇಗ ಬೇಕಾದರೂ ಕ್ಲಿಕ್ ಮಾಡಬಹುದಿತ್ತು. ಆದರೆ ಪೆಟ್ಟು ತಿಂದವನಿಗೆ ಮುಂದಿನ ಅರ್ಧ ಸೆಕೆಂಡು ಅಷ್ಟೇ ಬಲದ ಇನ್ನೊಂದು ಪೆಟ್ಟು ನಾಟುತ್ತಿರಲಿಲ್ಲ. ಅಂದರೆ ಗಡಿಯಾರ ಪೆಟ್ಟು ತಿಂದವನ ಮೈಯಲ್ಲಿತ್ತು. 1.9 ಅದನ್ನು ಹೊಡೆಯುವವನ ಕೈಗೂ ಕಟ್ಟಿತು: ಕತ್ತಿಗೆ ಸೆಕೆಂಡಿಗೆ 1.6 ಹೊಡೆತ, ಪೂರ್ತಿ ಬಲಕ್ಕೆ 0.625 ಸೆಕೆಂಡು ಕಾಯಬೇಕು, ಅವಸರಪಟ್ಟರೆ ಹಾನಿ ಐದನೇ ಒಂದು ಭಾಗದವರೆಗೆ ಇಳಿಯುತ್ತದೆ. ಕಾದಾಟದ ಸರ್ವರ್‌ಗಳಲ್ಲಿ ಅನೇಕವು 1.8ರಲ್ಲೇ ಉಳಿದವು. ಮೈನ್‌ಕ್ರಾಫ್ಟ್‌ನ ವಿನ್ಯಾಸಕ ಯೆನ್ಸ್ ಬರ್ಗೆನ್‌ಸ್ಟನ್ 2019, 2020ರಲ್ಲಿ ಹೊಸ ಕಾಳಗದ ಪ್ರಯೋಗಗಳನ್ನು ಆಟಗಾರರ ಮುಂದಿಟ್ಟರು. ಹಳೆಯ ಆವೃತ್ತಿಯನ್ನು ಆಡಲು ಬಿಟ್ಟುದರಿಂದಲೇ ಈ ವಾದ ಇನ್ನೂ ಜೀವಂತವಾಗಿದೆ.

ಫಾರ್ ಆನರ್ ಬಂದದ್ದು 2017ರಲ್ಲಿ, ಯೂಬಿಸಾಫ್ಟ್ ಮಾಂಟ್ರಿಯಲ್‌ನಿಂದ. ಮೂರು ದಿಕ್ಕಿನ ರಕ್ಷಣೆ, ಬರುವ ಹೊಡೆತಕ್ಕೆ ಪರದೆಯ ಮೇಲೆ ಸೂಚನೆ. ಪರಿಣತರು ಸೂಚನೆ ಕಂಡೊಡನೆ ತಡೆಯುತ್ತ ಹೋದರು. ಮೊದಲು ಹೊಡೆದವನೇ ಸೋಲುವ ಸ್ಥಿತಿ ಬಂತು. ಎಲ್ಲರಿಗೂ ಸಾಕಷ್ಟು ಸಮಯ ಕೊಟ್ಟರೆ ಯಾರೂ ಹೊಡೆಯುವುದಿಲ್ಲ ಎಂಬ ಪಾಠ ಇದು. 2020ರಲ್ಲಿ ಯೂಬಿಸಾಫ್ಟ್‌ನವರು ಲಘು ಹೊಡೆತಗಳ ವೇಗವನ್ನೂ ಹಾನಿಯನ್ನೂ ಒಟ್ಟಿಗೆ ತಿದ್ದಿದರು. ಆಗ ಕನ್ಸೋಲ್‌ಗಳಲ್ಲಿ ಆಟ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಓಡುತ್ತಿತ್ತು, ಪಿಸಿಯಲ್ಲಿ ಅದಕ್ಕಿಂತ ಹೆಚ್ಚು. 500 ಮಿಲಿಸೆಕೆಂಡ್‌ನ ಹೊಡೆತ ಎರಡು ಯಂತ್ರಗಳಲ್ಲಿ ಎರಡು ಬಗೆಯಾಗಿತ್ತು.

2019ರ ಮೊರ್ಡಾವ್ ಆಟ ಶಿವಲ್ರಿಯ ಡ್ರ್ಯಾಗ್ ವಿದ್ಯೆಯನ್ನು ಒಪ್ಪಿಕೊಂಡೇ ಅದಕ್ಕೆ ತಿರುಗುವ ವೇಗದ ಮಿತಿ ಹಾಕಿತು. 2021ರ ಶಿವಲ್ರಿ 2 ಇನ್ನಷ್ಟು ನಿಧಾನಿಸಿ ಸಿನಿಮಾದ ಅದ್ದೂರಿಯತ್ತ ಹೊರಳಿತು. ಜನಪ್ರಿಯತೆಗೆ ಅದು ನೆರವಾಯಿತು, ಕಲೆಗೆ ಅಷ್ಟಿಲ್ಲ.

ಇಷ್ಟು ಕೆಲಸದ ನಡುವೆ ಕೈಬಿಟ್ಟುಹೋದವು ಹಲವು. ಸಮಯದ ಪರೀಕ್ಷೆಯೆಲ್ಲ ಇಬ್ಬರ ದ್ವಂದ್ವದಲ್ಲಿ. ಅರವತ್ನಾಲ್ಕು ಜನ ಸೇರಿದ ಗದ್ದಲದಲ್ಲಿ ಮೂರನೆಯವನ ಕತ್ತಿ ಬದಿಯಿಂದ ಬರುವುದನ್ನು ಅಳೆದವರನ್ನು ನಾನು ಕಂಡಿಲ್ಲ. ಮೈನ್‌ಕ್ರಾಫ್ಟ್‌ನಂಥವನ್ನು ಬಿಟ್ಟರೆ ಪ್ರತಿ ಪ್ಯಾಚ್ ಹಿಂದಿನ ಹದವನ್ನು ಅಳಿಸುತ್ತದೆ, ದಾಖಲೆ ಉಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ದೂರದ ಪ್ರಶ್ನೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಸಿಂಗಪುರ ನೇರ ಗೆರೆಯಲ್ಲಿ ಸುಮಾರು 3,200 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡ್. ಫ್ರಾಂಕ್‌ಫರ್ಟ್‌ಗಾದರೆ ಎಪ್ಪತ್ತಕ್ಕೂ ಹೆಚ್ಚು. ತಂತಿ ನೇರವಾಗಿಲ್ಲದ್ದರಿಂದ ನಿಜದ ಪಿಂಗ್, ಅಂದರೆ ಹೋಗಿ ಬರುವ ಸಮಯ, ಇದಕ್ಕಿಂತ ಸಾಕಷ್ಟು ಮೇಲೆ. ಮನುಷ್ಯನ ಕಣ್ಣು-ಕೈ ಪ್ರತಿಕ್ರಿಯೆಗೇ 200ರಿಂದ 250 ಮಿಲಿಸೆಕೆಂಡ್ ಬೇಕು. ಟೊರಾಂಟೊದಲ್ಲಿ ಕೂತು ಸಮತೂಕವೆಂದು ತೀರ್ಮಾನಿಸಿದ ಹೊಡೆತ ಇಲ್ಲಿಗೆ ಬರುವಾಗ ಬೇರೆಯದೇ ಹೊಡೆತವಾಗಿರುತ್ತದೆ.

ಬೆಂಗಳೂರು, ಪುಣೆಗಳಲ್ಲಿ ಆಟ ಕಟ್ಟುತ್ತಿರುವ ಕಿರಿಯರಲ್ಲಿ ನನ್ನ ಕೇಳಿಕೆ ಇಷ್ಟೇ. ವೇಗದ ಅಂಕಿಗೆ ಸಹಿ ಹಾಕುವ ಮುನ್ನ 80 ಮಿಲಿಸೆಕೆಂಡ್ ಪಿಂಗ್‌ನಲ್ಲಿ, 30 ಫ್ರೇಮ್‌ನ ಪರದೆಯ ಮುಂದೆ, ಪೆಟ್ಟು ತಿನ್ನುವವನ ಜಾಗದಲ್ಲಿ ಕೂತು ಆಡಿ. ಅಲ್ಲಿಂದ ತಡೆಯಲಾಗದ ಹೊಡೆತವನ್ನು, ಕೋಷ್ಟಕ ಏನೇ ಹೇಳಲಿ, ಬಿಡುಗಡೆ ಮಾಡಬೇಡಿ.