ಎಮ್ಮೆಗಳಲ್ಲಿ ವಪೆಯ ಗಾಯ ಮತ್ತು ಹರ್ನಿಯಾ: ಪತ್ತೆ ಹಾಗೂ ಶಸ್ತ್ರಚಿಕಿತ್ಸೆ

ಎದೆಗೂಡನ್ನು ಹೊಟ್ಟೆಯಿಂದ ಬೇರ್ಪಡಿಸುವ ಸ್ನಾಯುವಿನ ಪರದೆಯೇ ವಪೆ. ಇದರ ಹಿಂಬದಿಗೆ ತಾಗಿಕೊಂಡು ಜೇನುಗೂಡಿನಂತಹ ಒಳಗೋಡೆಯುಳ್ಳ ಜಾಲಹೊಟ್ಟೆ ಇರುತ್ತದೆ. ರಾಸುಗಳು ಮೇವನ್ನು ಪೂರ್ತಿ ಅಗಿಯದೆ ನುಂಗುವುದರಿಂದ ಅದರೊಡನೆ ಸೇರಿದ ತಂತಿ, ಮೊಳೆ, ಸೂಜಿಗಳು ಇಲ್ಲಿ ನೆಲೆಸಿ, ಹೊಟ್ಟೆ ಸಂಕುಚಿಸಿದಾಗ ವಪೆಗೆ ಚುಚ್ಚುತ್ತವೆ. ಹೀಗೆ ದುರ್ಬಲಗೊಂಡ ಭಾಗವು ತುಂಬು ಗರ್ಭದ ಒತ್ತಡದಿಂದ ಅಥವಾ ಈಯುವಾಗಿನ ತಿಣುಕಿನಿಂದ ಹರಿದರೆ ಜಾಲಹೊಟ್ಟೆ ಎದೆಗೂಡಿನೊಳಕ್ಕೆ ಜಾರುತ್ತದೆ. ಇದೇ ವಪೆಯ ಹರ್ನಿಯಾ. ಹಸುಗಳಿಗಿಂತ ಎಮ್ಮೆಗಳಲ್ಲಿ ಇದು ಹೆಚ್ಚು.

ಗಮನಿಸಬೇಕಾದ ಲಕ್ಷಣಗಳು
• ಔಷಧಿಗೆ ತಗ್ಗಿ ಮತ್ತೆ ಮತ್ತೆ ಮರುಕಳಿಸುವ ಹೊಟ್ಟೆಯುಬ್ಬರ
• ಮೇವು ಬಿಡುವುದು, ಮೆಲುಕು ನಿಲ್ಲುವುದು, ಹಾಲಿನ ಇಳಿಕೆ
• ಸ್ವಲ್ಪವೇ ಬೀಳುವ, ಕಪ್ಪಾದ, ಅಂಟುವ ಸಗಣಿ
• ದಿನೇ ದಿನೇ ಸೊರಗುವುದು
• ಗಂಗೆದೊಗಲಿನ ಬಾವು, ಕತ್ತಿನ ರಕ್ತನಾಳ ಉಬ್ಬುವುದು: ತಂತಿ ಹೃದಯದ ಪೊರೆಯನ್ನು ತಲುಪಿರುವ ಸೂಚನೆ

ಸಾಮಾನ್ಯ ಅಜೀರ್ಣವೆಂದು ಭಾವಿಸಿ ವಾರಗಟ್ಟಲೆ ಕಾಯುವುದರಿಂದಲೇ ಅನೇಕ ರಾಸುಗಳು ಕೈತಪ್ಪುತ್ತವೆ. ಉಬ್ಬರ ಎರಡನೆಯ ಬಾರಿ ಮರುಕಳಿಸಿದೊಡನೆ ಪಶುವೈದ್ಯರನ್ನು ಕರೆಯಿರಿ ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸಿ. ಬಲವಂತವಾಗಿ ಎಣ್ಣೆ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು.

ರೋಗ ಪತ್ತೆ
ವೈದ್ಯರು ಎದೆಯ ಭಾಗದಲ್ಲಿ ಜಾಲಹೊಟ್ಟೆಯ ಚಲನೆಯ ಶಬ್ದವನ್ನು ಆಲಿಸುತ್ತಾರೆ. ಲೋಹಶೋಧಕವು ಲೋಹವಿರುವುದನ್ನು ತಿಳಿಸುತ್ತದೆಯೇ ಹೊರತು ಅದು ಚುಚ್ಚಿದೆಯೇ ಎಂಬುದನ್ನಲ್ಲ. ಎಕ್ಸ್-ರೇ ಹಾಗೂ ಅಲ್ಟ್ರಾಸೌಂಡ್ ಹೆಚ್ಚು ನೆರವಾಗುತ್ತವೆ. ದೊಡ್ಡಹೊಟ್ಟೆಯನ್ನು ತೆರೆದು, ಒಳಗಿನಿಂದ ವಪೆಯ ರಂಧ್ರವನ್ನು ಕೈಯಿಂದ ಮುಟ್ಟಿ ನೋಡಿದಾಗ ರೋಗ ಖಚಿತವಾಗುತ್ತದೆ.

ಶಸ್ತ್ರಚಿಕಿತ್ಸೆ
ಇದನ್ನು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಮಾಡಲಾಗುತ್ತದೆ. ಮೊದಲು ಎಡಪಕ್ಕೆಯ ಮೂಲಕ ದೊಡ್ಡಹೊಟ್ಟೆಯನ್ನು ತೆರೆದು, ಮೇವನ್ನು ಖಾಲಿ ಮಾಡಿ, ಲೋಹದ ವಸ್ತುಗಳನ್ನು ಹೊರತೆಗೆಯುತ್ತಾರೆ. ಒಂದೆರಡು ದಿನಗಳ ಬಳಿಕ ಪೂರ್ಣ ಅರಿವಳಿಕೆಯಲ್ಲಿ ರಾಸನ್ನು ಅಂಗಾತ ಮಲಗಿಸಿ, ಎದೆಮೂಳೆಯ ಹಿಂದೆ ಹೊಟ್ಟೆಯನ್ನು ತೆರೆದು, ಅಂಟಿಕೊಂಡ ಜಾಲಹೊಟ್ಟೆಯನ್ನು ಬಿಡಿಸಿ ಹಿಂದಕ್ಕೆಳೆದು, ರಂಧ್ರವನ್ನು ಗಟ್ಟಿ ದಾರದಿಂದ ಹೊಲಿಯುತ್ತಾರೆ. ಎದೆಗೂಡು ತೆರೆದುಕೊಳ್ಳುವುದರಿಂದ ಕೃತಕ ಉಸಿರಾಟದ ಸೌಲಭ್ಯ ಅಗತ್ಯ. ಆದುದರಿಂದ ಇದು ಕೊಟ್ಟಿಗೆಯಲ್ಲಿ ಮಾಡುವ ಕೆಲಸವಲ್ಲ. ಪಶುವೈದ್ಯಕೀಯ ಕಾಲೇಜಿನಂತಹ ಸುಸಜ್ಜಿತ ಆಸ್ಪತ್ರೆಗೆ ರಾಸನ್ನು ಒಯ್ಯಬೇಕು. ಬೇಗ ಬಂದ ರಾಸು ಉಳಿಯುವ ಸಾಧ್ಯತೆ ಹೆಚ್ಚು. ಹೃದಯದ ಪೊರೆ ಕೀವುಗಟ್ಟಿದ್ದರೆ ಅಥವಾ ಶ್ವಾಸಕೋಶಕ್ಕೆ ಅಂಟಿಕೊಂಡಿದ್ದರೆ ಫಲಿತಾಂಶ ಆಶಾದಾಯಕವಲ್ಲ. ಖರ್ಚಿಗೆ ಮುಂದಾಗುವ ಮೊದಲು ಈ ವಿಷಯವನ್ನು ವೈದ್ಯರಲ್ಲಿ ನೇರವಾಗಿ ಕೇಳಿ. ಗರ್ಭದ ರಾಸಾದರೆ ಯಾವಾಗ ಶಸ್ತ್ರಚಿಕಿತ್ಸೆ ಮಾಡಬೇಕೆಂಬುದನ್ನೂ ಅವರೇ ನಿರ್ಧರಿಸಲಿ.

ಆರೈಕೆ ಮತ್ತು ತಡೆ
ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಸೂಚಿಸಿದಷ್ಟು ದಿನ ಔಷಧಿಯನ್ನು ತಪ್ಪದೆ ಕೊಡಿಸಿ. ಆರಂಭದಲ್ಲಿ ಗಂಜಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಹಸಿರು ಮೇವು ನೀಡಿ. ಮೇವು ಕತ್ತರಿಸುವ ಯಂತ್ರದ ಬಾಯಿಗೆ ಅಯಸ್ಕಾಂತ ಅಳವಡಿಸಿ. ಹುಲ್ಲಿನ ಹೊರೆ ಕಟ್ಟಲು ತಂತಿಯ ಬದಲು ಹಗ್ಗ ಬಳಸಿ. ಮನೆ ಕಟ್ಟುವ ಸ್ಥಳದಲ್ಲಿ ರಾಸುಗಳನ್ನು ಮೇಯಲು ಬಿಡಬೇಡಿ. ಪಶುವೈದ್ಯರ ಸಲಹೆಯಂತೆ ಹೊಟ್ಟೆಯೊಳಗೆ ಅಯಸ್ಕಾಂತ ನುಂಗಿಸುವುದೂ ಪರಿಣಾಮಕಾರಿ ಕ್ರಮ.