ಮೈಸೂರು ಲ್ಯಾನ್ಸರ್ಸ್

ಮೈಸೂರು ಸಂಸ್ಥಾನದ ಈಟಿಧಾರಿ ಅಶ್ವದಳ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಮತ್ತು ಸಿರಿಯಾಗಳಲ್ಲಿ ಹೋರಾಡಿತು. 1914ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಬ್ರಿಟಿಷರ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ದಳವನ್ನೂ ಕಳುಹಿಸಿದರು. ಬಿ. ಚಾಮರಾಜ ಅರಸು ಅವರ ನಾಯಕತ್ವದಲ್ಲಿ ಬೆಂಗಳೂರಿನಿಂದ ಹೊರಟ ರಾವುತರು ಹೈದರಾಬಾದ್ ಸಂಸ್ಥಾನದ ದಳದೊಂದಿಗೆ 15ನೇ ಅಶ್ವದಳ ಬ್ರಿಗೇಡನ್ನು ಸೇರಿ, ಮೊದಲು ಸೂಯೆಜ್ ಕಾಲುವೆಯ ಕಾವಲಿಗೆ ನಿಂತರು.

1918ರ ಹೊತ್ತಿಗೆ ಈ ಬ್ರಿಗೇಡು ಆಸ್ಟ್ರೇಲಿಯಾದ ಸೇನಾನಿ ಹ್ಯಾರಿ ಶೋವೆಲ್ ಅವರ ಮರುಭೂಮಿ ಅಶ್ವಪಡೆಯಲ್ಲಿತ್ತು. ಅದೇ ಪಡೆಯಲ್ಲಿದ್ದ ಆಸ್ಟ್ರೇಲಿಯಾದ ಲೈಟ್ ಹಾರ್ಸ್ ರಾವುತರು ಹೆಚ್ಚಾಗಿ ಕುದುರೆಯಿಂದಿಳಿದು ಬಂದೂಕು ಹಿಡಿದು ಕಾದುವವರು. ಮೈಸೂರಿನವರದು ಕುದುರೆಯ ಮೇಲಿಂದಲೇ ಈಟಿಯ ಕಾಳಗ.

ಆ ವರ್ಷದ ಸೆಪ್ಟೆಂಬರ್ 23ರಂದು ತುರ್ಕಿಯರ ವಶದಲ್ಲಿದ್ದ ಹೈಫಾ ಬಂದರನ್ನು ಹಿಡಿಯಬೇಕಿತ್ತು. ಒಂದು ಕಡೆ ಕಿಶೋನ್ ನದಿಯ ಕುಸಿಯುವ ಮರಳು, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟದ ಮೇಲೆ ತೋಪು, ಮೆಷಿನ್ ಗನ್ನುಗಳು. ಮಧ್ಯಾಹ್ನ ಬ್ರಿಗೇಡಿನಲ್ಲಿದ್ದ ಜೋಧಪುರ ಸಂಸ್ಥಾನದ ದಳ ಬಯಲಿನಲ್ಲಿ ಮುನ್ನುಗ್ಗಿತು. ಆ ದಳದ ಮೇಜರ್ ದಳಪತ್ ಸಿಂಗ್ ಮಡಿದರು. ಇತಿಹಾಸ ಹೆಚ್ಚಾಗಿ ಸ್ಮರಿಸುವುದು ಈ ದಾಳಿಯನ್ನೇ. ಆದರೆ ಬೆಟ್ಟದ ಮೇಲಿನ ತೋಪುಗಳು ಬಾಯಿ ತೆರೆದೇ ಇದ್ದಿದ್ದರೆ ಬಯಲಿನವರ ಗತಿ ಬೇರೆಯೇ ಆಗುತ್ತಿತ್ತು. ಆ ತೋಪುಗಳ ಕಡೆಗೆ ಕಡಿದಾದ ದಾರಿ ಹಿಡಿದು ಹತ್ತಿದ್ದು ಮೈಸೂರಿನ ತುಕಡಿ. ಏರುವಾಗಲೇ ಹಲವು ಕುದುರೆಗಳು ಸೋತವು. ಉಳಿದ ಕೆಲವೇ ಸವಾರರು ತೋಪುಗಳ ಮೇಲೆ ಎರಗಿದರು. ಹೈಫಾದ ಗೆಲುವಿನಲ್ಲಿ ಇವರಿಗೆ ಸಮಪಾಲು ಸಲ್ಲಲೇಬೇಕು. ಆ ದಿನ ಶತ್ರುಪಡೆಯ 1,350 ಜನ ಸೆರೆಸಿಕ್ಕರು. ಬ್ರಿಗೇಡಿನಲ್ಲಿ ಮಡಿದ ಸೈನಿಕರು ಹತ್ತಕ್ಕೂ ಕಡಿಮೆ, ಸತ್ತ ಕುದುರೆಗಳು 60.

ಹೆಚ್ಚು ಜೀವ ಹೋದದ್ದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ. ಅಕ್ಟೋಬರ್ 26ರಂದು ಮೈಸೂರು, ಜೋಧಪುರ ದಳಗಳು ತಮಗಿಂತ ಬಹಳ ದೊಡ್ಡದಾದ ತುರ್ಕಿ ಪಡೆಯ ಮೇಲೆ ನುಗ್ಗಿದವು. 21 ಮಂದಿ ಮಡಿದರು, 56 ಮಂದಿ ಗಾಯಗೊಂಡರು. ತುರ್ಕಿಯೊಂದಿಗೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 30ರಂದು. ನಾಲ್ಕೇ ದಿನಗಳ ಅಂತರದಲ್ಲಿ ಹೋದ ಈ ಜೀವಗಳನ್ನು ನೆನೆದರೆ ಸಂಕಟವಾಗುತ್ತದೆ.

ದಳ 1920ರಲ್ಲಿ ಬೆಂಗಳೂರಿಗೆ ಮರಳಿತು. ಮಡಿದವರ ಸ್ಮಾರಕಸ್ತಂಭ ನಗರದ ಜೆ.ಸಿ. ನಗರದ ಬಳಿ ಇದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು. ಸ್ವಾತಂತ್ರ್ಯಾನಂತರ ದಳದ ಪರಂಪರೆ ಭಾರತೀಯ ಸೇನೆಯ 61ನೇ ಅಶ್ವದಳದಲ್ಲಿ ಸೇರಿತು. ಅಲ್ಲಿ ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತಾರೆ.