ಮೂರನೆಯ ದಿನದ ಮದ್ದು

ಬಂದ ನೆಂಟನೇ ಮನೆಯವರ ಮೇಲೆ ಬೀಳುವಂಥದು ‘ಗ್ರಾಫ್ಟ್ ವರ್ಸಸ್ ಹೋಸ್ಟ್’ ಕಾಯಿಲೆ. ರಕ್ತ ಕ್ಯಾನ್ಸರ್ ರೋಗಿಗೆ ಇನ್ನೊಬ್ಬರ ಅಸ್ಥಿಮಜ್ಜೆ ಕಸಿ ಮಾಡಿದಾಗ, ಅದರೊಡನೆ ಬಂದ ‘ಟಿ’ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ದಾಳಿಯಿಡುತ್ತವೆ. 1980ರ ದಶಕದಲ್ಲಿ ವೈದ್ಯರು ಆ ಕೋಶಗಳನ್ನೇ ಸೋಸಿ ತೆಗೆದು ನೋಡಿದರು. ದಾಳಿಯೇನೋ ತಗ್ಗಿತು, ಹಲವರಲ್ಲಿ ಕ್ಯಾನ್ಸರ್ ಮರುಕಳಿಸಿತು. ಅದನ್ನು ಹತ್ತಿಕ್ಕುತ್ತಿದ್ದುದೂ ಅವೇ ಕೋಶಗಳು!

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯರು ಹಿಡಿದ ದಾರಿ ಬೇರೆ. 2008ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಕಸಿಯಾದ ಮೂರನೆಯ ದಿನ ಸೈಕ್ಲೊಫಾಸ್ಫಮೈಡ್ ಕೊಡಲಾಯಿತು. ಕೆಲವರಿಗೆ ನಾಲ್ಕನೆಯ ದಿನವೂ. ಯುದ್ಧದ ವಿಷಾನಿಲ ಮಸ್ಟರ್ಡ್ ಗ್ಯಾಸ್‌ನ ವಂಶದ್ದು ಈ ಮದ್ದು. ಅಷ್ಟರಲ್ಲಿ ಕೆರಳಿ, ವೇಗವಾಗಿ ಇಮ್ಮಡಿಸುತ್ತಿರುವ ಕೋಶಗಳಿಗೇ ಅದರ ಪೆಟ್ಟು ಹೆಚ್ಚು. ರಕ್ತ ಹುಟ್ಟಿಸುವ ಆಕರಕೋಶಗಳು ತಮ್ಮಲ್ಲಿರುವ ಕಿಣ್ವದ ಬಲದಿಂದ ಪಾರಾಗುತ್ತವೆ. ಪೂರ್ತಿ ಹೊಂದುವ ದಾನಿ ಸಿಗದವರಿಗೆ, ಅರ್ಧ ಹೊಂದುವ ಹೆತ್ತವರೋ ಮಕ್ಕಳೋ ಮಜ್ಜೆ ಕೊಡುವುದು ಹೀಗೆ ಸುಲಭವಾಯಿತು.